ತರಗತಿ ಕೊಠಡಿಯ ತಾಪಮಾನ

ತರಗತಿ ಕೊಠಡಿಯ ತಾಪಮಾನವು ಶಾಲೆಯ ಭೌತಿಕ ಪರಿಸರವನ್ನು ರೂಪಿಸುವ ಅಂಶಗಳಲ್ಲಿ ಒಂದು. ಬೆಳಕು, ಗಾಳಿ, ಸದ್ದು ಮತ್ತು ಆಸನದ ವ್ಯವಸ್ಥೆಗಳಂತೆ ಇದು ಕೂಡ ವಿದ್ಯಾರ್ಥಿಗಳ ದೈಹಿಕ ನೆಮ್ಮದಿ, ಗಮನ ಮತ್ತು ಕಲಿಕೆಯ ಮೇಲೆ ಪರಿಣಾಮ ಬೀರುತ್ತದೆ. ಕೊಠಡಿಯಲ್ಲಿ ಕುಳಿತವರಿಗೆ ಸೆಕೆಯೂ ಆಗದೆ ಚಳಿಯೂ ಆಗದೆ ಇರುವ ಸ್ಥಿತಿಯನ್ನು 'ಉಷ್ಣ ನೆಮ್ಮದಿ' ಎನ್ನಬಹುದು. ಸಮಶೀತೋಷ್ಣ ದೇಶಗಳಲ್ಲಿ ನಡೆದ ಅಧ್ಯಯನಗಳು ಶಾಲಾ ಕೆಲಸಕ್ಕೆ 20ರಿಂದ 22 ಡಿಗ್ರಿಯ ಆಸುಪಾಸು ಉತ್ತಮವೆಂದು ಕಂಡುಕೊಂಡಿವೆ. ಭಾರತದಂತಹ ಉಷ್ಣ ದೇಶಕ್ಕೆ ಈ ಅಂಕಿಯನ್ನು ಹಾಗೆಯೇ ಅನ್ವಯಿಸಲಾಗದು. ಇಲ್ಲಿನ ಜನರು 28–29 ಡಿಗ್ರಿಯಲ್ಲೂ ನೆಮ್ಮದಿಯಾಗಿರಬಲ್ಲರು. ಆದರೆ ಸೆಕೆಗೆ ಒಗ್ಗಿಕೊಂಡ ಮಾತ್ರಕ್ಕೆ ಕಲಿಕೆಗೆ ತೊಂದರೆಯಾಗುವುದಿಲ್ಲವೆಂದು ಭಾವಿಸುವಂತಿಲ್ಲ. ನೆಮ್ಮದಿ ಮತ್ತು ಏಕಾಗ್ರತೆ ಎಂಬ ಈ ಎರಡು ಸಂಗತಿಗಳನ್ನು ಒಂದೇ ಎಂದು ಎಣಿಸುವುದರಿಂದ ಈ ವಿಷಯದ ಚರ್ಚೆಯಲ್ಲಿ ಬಹಳ ಗೊಂದಲ ಉಂಟಾಗಿದೆ. ಲೇಖನದಲ್ಲಿ ಬೇರೆಯಾಗಿ ಸೂಚಿಸದ ಎಲ್ಲ ತಾಪಮಾನಗಳೂ ಸೆಲ್ಸಿಯಸ್ ಮಾನದಲ್ಲಿವೆ.

ದೇಹ ಮತ್ತು ಶಾಖ

ಮನುಷ್ಯನ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ. ಆಹಾರದ ದಹನದಿಂದ ದೇಹದಲ್ಲಿ ಸದಾ ಶಾಖ ಹುಟ್ಟುತ್ತಿರುತ್ತದೆ; ಅದನ್ನು ಅಷ್ಟೇ ವೇಗದಲ್ಲಿ ಹೊರಕ್ಕೆ ಬಿಡದಿದ್ದರೆ ಒಳಗಿನ ಉಷ್ಣತೆ ಏರುತ್ತದೆ. ಮೆದುಳಿನಲ್ಲಿರುವ ಹೈಪೊಥಲಾಮಸ್ ಎಂಬ ಭಾಗ ಈ ಲೆಕ್ಕವನ್ನು ನೋಡಿಕೊಳ್ಳುತ್ತದೆ. ಸುಮ್ಮನೆ ಕುಳಿತಿರುವ ವಯಸ್ಕ ವ್ಯಕ್ತಿ ಸುಮಾರು 100 ವ್ಯಾಟ್‌ನಷ್ಟು ಶಾಖವನ್ನು ಹೊರಬಿಡುತ್ತಾನೆ, ಮಕ್ಕಳು ಇದಕ್ಕಿಂತ ಸ್ವಲ್ಪ ಕಡಿಮೆ. ಮಗುವೊಂದಕ್ಕೆ 70 ವ್ಯಾಟ್ ಎಂದು ಹಿಡಿದರೂ 40 ಮಕ್ಕಳ ತರಗತಿಯೊಳಗೆ 2,800 ವ್ಯಾಟ್ ಆಗುತ್ತದೆ. ಅಂದರೆ ಮೂರು ವಿದ್ಯುತ್ ಇಸ್ತ್ರಿಪೆಟ್ಟಿಗೆಗಳನ್ನು ಕೊಠಡಿಯಲ್ಲಿ ಬಿಡುವಿಲ್ಲದೆ ಕಾಯಿಸಿಟ್ಟಂತೆ. ಖಾಲಿ ಕೊಠಡಿಯಲ್ಲಿ ತಾಪಮಾನ ಅಳೆದು 'ಪರವಾಗಿಲ್ಲ' ಎಂದು ಬರೆದುಕೊಂಡು ಹೋಗುವ ತಪಾಸಣೆಯಿಂದ ಹೆಚ್ಚು ಪ್ರಯೋಜನವಿಲ್ಲದಿರುವುದು ಈ ಕಾರಣಕ್ಕೆ.

ದೇಹವು ಉಷ್ಣವಹನ, ಉಷ್ಣಸಂವಹನ, ಉಷ್ಣವಿಕಿರಣ ಮತ್ತು ಬೆವರಿನ ಆವೀಕರಣ ಎಂಬ ನಾಲ್ಕು ಮಾರ್ಗಗಳಿಂದ ಶಾಖವನ್ನು ಕಳೆದುಕೊಳ್ಳುತ್ತದೆ. ಸುತ್ತಲಿನ ಗಾಳಿ ತಂಪಾಗಿರುವಾಗ ಮೊದಲಿನ ಮೂರು ಮಾರ್ಗಗಳೇ ಸಾಕು. ಗಾಳಿಯ ತಾಪಮಾನ ಚರ್ಮದ ತಾಪಮಾನವನ್ನು (ಸುಮಾರು 33–35 ಡಿಗ್ರಿ) ಸಮೀಪಿಸಿದಂತೆ ಅವು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಉಳಿಯುವುದು ಬೆವರು ಮಾತ್ರ. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಚರ್ಮದಿಂದ ಒಯ್ಯುತ್ತದೆ. ಆದರೆ ಬೆವರು ಆವಿಯಾದರೆ ಮಾತ್ರ ಈ ಲಾಭ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದು ಆರದೆ ಸುಮ್ಮನೆ ಇಳಿಯುತ್ತದೆ. ರಾಯಚೂರಿನ 38 ಡಿಗ್ರಿಯ ಒಣ ಬಿಸಿಲು ಮತ್ತು ಮಂಗಳೂರಿನ 33 ಡಿಗ್ರಿಯ ಸೆಕೆ, ಇವೆರಡರಲ್ಲಿ ಯಾವುದು ಕಷ್ಟವೆಂಬ ಪ್ರಶ್ನೆಗೆ ತಾಪಮಾನವೊಂದರಿಂದಲೇ ಉತ್ತರ ಸಿಗದಿರಲು ಇದೇ ಕಾರಣ.

ಶಾಖವನ್ನು ಹೊರಹಾಕುವ ಕೆಲಸದಲ್ಲಿ ರಕ್ತವು ಚರ್ಮದ ಕಡೆಗೆ ಹೆಚ್ಚಾಗಿ ಹರಿಯುತ್ತದೆ, ಹೃದಯ ಹೆಚ್ಚು ದುಡಿಯುತ್ತದೆ, ನೀರು ಮತ್ತು ಲವಣ ನಷ್ಟವಾಗುತ್ತವೆ. ದೇಹದ ತೂಕದ ಶೇ. 2ರಷ್ಟು ನೀರು ಕಡಿಮೆಯಾದರೆ ಗಮನ ಮತ್ತು ತಾತ್ಕಾಲಿಕ ಸ್ಮರಣೆ ಕುಂದುತ್ತವೆ, ತಲೆನೋವು, ಕಿರಿಕಿರಿ ಕಾಣಿಸಿಕೊಳ್ಳುತ್ತವೆ. ಶೌಚಾಲಯದ ವ್ಯವಸ್ಥೆ ಸರಿಯಿಲ್ಲದ ಶಾಲೆಗಳಲ್ಲಿ ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯುವುದನ್ನೇ ತಪ್ಪಿಸುವುದು ಪಾಠ ಹೇಳಿದವರೆಲ್ಲ ಬಲ್ಲ ಸಂಗತಿ. ತರಗತಿಯ ಸೆಕೆಯನ್ನು ಕುರಿತ ಚರ್ಚೆಯಲ್ಲಿ ಶೌಚಾಲಯವೂ ಸೇರುವುದು ಹೀಗೆ.

ಅಳತೆಯ ಅಂಶಗಳು

ಡೆನ್ಮಾರ್ಕಿನ ಎಂಜಿನಿಯರ್ ಪಿ. ಓಲೆ ಫ್ಯಾಂಗರ್ 1970ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಉಷ್ಣ ನೆಮ್ಮದಿಯನ್ನು ಆರು ಅಂಶಗಳಿಂದ ಲೆಕ್ಕ ಹಾಕುವ ವಿಧಾನವನ್ನು ನೀಡಿದರು. ಗಾಳಿಯ ತಾಪಮಾನ, ಸುತ್ತಲಿನ ಮೇಲ್ಮೈಗಳ ವಿಕಿರಣ ತಾಪಮಾನ, ಗಾಳಿಯ ವೇಗ, ಆರ್ದ್ರತೆ, ವ್ಯಕ್ತಿಯ ದೈಹಿಕ ಚಟುವಟಿಕೆ ಮತ್ತು ತೊಟ್ಟ ಬಟ್ಟೆ ಇವೇ ಆ ಆರು. ಇವುಗಳಿಂದ ಜನರು 'ಬಹಳ ಚಳಿ' ಎಂಬ −3ರಿಂದ 'ಬಹಳ ಸೆಕೆ' ಎಂಬ +3ರವರೆಗಿನ ಮಾಪಕದಲ್ಲಿ ಎಲ್ಲಿ ನಿಲ್ಲುವರೆಂದು ಊಹಿಸಬಹುದು. ಎಷ್ಟೇ ಚೆನ್ನಾಗಿ ಹೊಂದಿಸಿದರೂ ನೂರಕ್ಕೆ ಐವರಾದರೂ ಅತೃಪ್ತರಾಗಿಯೇ ಇರುತ್ತಾರೆಂಬುದು ಅವರ ಲೆಕ್ಕದ ಒಂದು ಸ್ವಾರಸ್ಯಕರ ಫಲಿತಾಂಶ. ಫ್ಯಾನ್ ಹಾಕಿ ಎನ್ನುವವರೂ ಆರಿಸಿ ಎನ್ನುವವರೂ ಒಂದೇ ಬೆಂಚಿನಲ್ಲಿ ಕುಳಿತಿರುವುದನ್ನು ಕಂಡವರಿಗೆ ಇದು ಹೊಸದೇನಲ್ಲ.

ಆರು ಅಂಶಗಳ ಪೈಕಿ ನಮ್ಮ ಶಾಲೆಗಳಲ್ಲಿ ಅತಿ ಹೆಚ್ಚು ಕಡೆಗಣಿತವಾದದ್ದು ವಿಕಿರಣ ತಾಪಮಾನ. ಗೋಡೆಗೆ ತೂಗುಹಾಕಿದ ಸಾಮಾನ್ಯ ಥರ್ಮಾಮೀಟರು ಮುಖ್ಯವಾಗಿ ಗಾಳಿಯ ತಾಪಮಾನವನ್ನು ತೋರಿಸುತ್ತದೆ. ಬಿಸಿಲಿಗೆ ಕಾದ ತಗಡಿನ ಛಾವಣಿಯ ಕೆಳಗೆ ಕುಳಿತ ಮಗುವಿಗೆ ತಲೆಯ ಮೇಲಿನಿಂದ ಬರುವ ಶಾಖವನ್ನು ಅದು ಪೂರ್ತಿಯಾಗಿ ಹೇಳುವುದಿಲ್ಲ. ಗಾಳಿ ನಿಶ್ಚಲವಾಗಿರುವ ಕೋಣೆಯಲ್ಲಿ ಗಾಳಿಯ ತಾಪಮಾನ ಮತ್ತು ವಿಕಿರಣ ತಾಪಮಾನಗಳ ಸರಾಸರಿಯೇ ದೇಹಕ್ಕೆ ತಟ್ಟುವ ತಾಪಮಾನವೆಂದು ಸ್ಥೂಲವಾಗಿ ಹೇಳಬಹುದು. ಗಾಳಿ 33 ಡಿಗ್ರಿ ಇದ್ದು ಛಾವಣಿ, ಗೋಡೆಗಳ ಸರಾಸರಿ 39 ಡಿಗ್ರಿ ಇದ್ದರೆ ಮಗು ಅನುಭವಿಸುವುದು 36 ಡಿಗ್ರಿಯನ್ನು. ವಿಕಿರಣವನ್ನೂ ಸೇರಿಸಿ ಅಳೆಯಲು ಕಪ್ಪು ಬಣ್ಣ ಬಳಿದ ಟೊಳ್ಳು ಗೋಳದೊಳಗೆ ಥರ್ಮಾಮೀಟರನ್ನು ಇಟ್ಟು ನೋಡುವ ಗೋಳ ತಾಪಮಾಪಕವನ್ನು ಬಳಸುತ್ತಾರೆ.

ಬಟ್ಟೆಯ ಉಷ್ಣನಿರೋಧವನ್ನು 'ಕ್ಲೋ' ಎಂಬ ಏಕಮಾನದಿಂದ ಅಳೆಯುತ್ತಾರೆ. ಇದು 1941ರಿಂದ ಬಳಕೆಯಲ್ಲಿದೆ. ಕೋಟು ಸಹಿತವಾದ ಪಾಶ್ಚಾತ್ಯ ಉಡುಪು ಒಂದು ಕ್ಲೋ. ಅರೆತೋಳಿನ ಅಂಗಿ ಮತ್ತು ಚಡ್ಡಿ ಇದರ ಮೂರನೆಯ ಒಂದು ಭಾಗದ ಆಸುಪಾಸು ಬರುತ್ತವೆ. ಚಡ್ಡಿ ತೊಟ್ಟ ವಿದ್ಯಾರ್ಥಿಗೂ ಸೀರೆ ಉಟ್ಟ ಶಿಕ್ಷಕಿಗೂ ಒಂದೇ ಕೊಠಡಿ ಒಂದೇ ಬಗೆಯಾಗಿ ತೋರದು, ಇಬ್ಬರ ಪೈಕಿ ಫ್ಯಾನಿನ ಗುಂಡಿ ಇರುವುದು ಒಬ್ಬರ ಕೈಯಲ್ಲಿ ಮಾತ್ರ. ಮಾರ್ಚ್ ತಿಂಗಳಿನಲ್ಲಿ ಟೈ, ಬೂಟು, ಕಾಲುಚೀಲಗಳನ್ನು ಕಡ್ಡಾಯ ಮಾಡುವ ಶಾಲೆಗಳು ಸಮವಸ್ತ್ರದ ಶಿಸ್ತಿಗಾಗಿ ಉಷ್ಣ ನೆಮ್ಮದಿಯನ್ನು ಬಿಟ್ಟುಕೊಡುತ್ತಿವೆ ಎಂದೇ ಹೇಳಬೇಕಾಗುತ್ತದೆ.

ಹಿತವಾದ ತಾಪಮಾನ ಯಾವುದು

ಫ್ಯಾಂಗರ್ ಅವರ ಸಮೀಕರಣಗಳಿಗೆ ಆಧಾರವಾದದ್ದು ಪ್ರಯೋಗಕೋಣೆಯಲ್ಲಿ ಕೂರಿಸಿ ಪರೀಕ್ಷಿಸಿದ ಅಮೆರಿಕ ಮತ್ತು ಡೆನ್ಮಾರ್ಕಿನ ಕಾಲೇಜು ವಿದ್ಯಾರ್ಥಿಗಳ ಉತ್ತರಗಳು. ಕಿಟಕಿ ತೆರೆದ, ಹವಾನಿಯಂತ್ರಣವಿಲ್ಲದ ಕಟ್ಟಡಗಳಲ್ಲಿರುವ ಜನರು ಆ ಲೆಕ್ಕಕ್ಕೆ ಹೊಂದುವುದಿಲ್ಲವೆಂದು ಬ್ರಿಟನ್ನಿನ ಮೈಕೇಲ್ ಹಂಫ್ರೀಸ್, ಫರ್ಗಸ್ ನಿಕೋಲ್ ಮುಂತಾದವರು 1970ರ ದಶಕದಿಂದಲೇ ತೋರಿಸುತ್ತ ಬಂದರು. ಜನರು ಕಿಟಕಿ ತೆರೆಯುತ್ತಾರೆ, ಬಟ್ಟೆ ಬದಲಿಸುತ್ತಾರೆ, ನೆರಳಿಗೆ ಸರಿಯುತ್ತಾರೆ. ಋತುವಿಗೆ ತಕ್ಕಂತೆ ಅವರ ನಿರೀಕ್ಷೆಯೂ ಬದಲಾಗುತ್ತದೆ. 1998ರಲ್ಲಿ ರಿಚರ್ಡ್ ಡಿ ಡಿಯರ್ ಮತ್ತು ಗೇಲ್ ಬ್ರೇಗರ್ ಈ ವಿಚಾರವನ್ನು ಹಲವು ದೇಶಗಳ ಮಾಹಿತಿಯೊಡನೆ ಮಂಡಿಸಿದರು. ಆನಂತರ ಅಮೆರಿಕದ ಆಶ್ರೇ ಸಂಸ್ಥೆಯ 55ನೆಯ ಮಾನಕದಲ್ಲಿ ಅದು ಸೇರಿತು. ಇದನ್ನು ಹೊಂದಾಣಿಕೆಯ ನೆಮ್ಮದಿ ಸಿದ್ಧಾಂತ ಎನ್ನಬಹುದು.

ಆ ಮಾನಕದ ಸೂತ್ರದಲ್ಲಿ ಹೊರಗಿನ ಸರಾಸರಿ ತಾಪಮಾನವನ್ನು 0.31ರಿಂದ ಗುಣಿಸಿ 17.8ನ್ನು ಕೂಡಿಸಿದರೆ ಒಳಗಿನ ಹಿತವಾದ ತಾಪಮಾನ ದೊರೆಯುತ್ತದೆ. ಭಾರತಕ್ಕಾಗಿ ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಅಹಮದಾಬಾದ್, ಬೆಂಗಳೂರು, ಚೆನ್ನೈ, ದೆಹಲಿ, ಶಿಮ್ಲಾಗಳ ಕಚೇರಿಗಳಲ್ಲಿ ಸಮೀಕ್ಷೆ ನಡೆಸಿ ಬೇರೊಂದು ಮಾದರಿಯನ್ನು ರೂಪಿಸಿದರು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಇದನ್ನು ಅಂಗೀಕರಿಸಿದೆ. ಸಹಜ ಗಾಳಿಯಾಡುವ ಕಟ್ಟಡಗಳಿಗೆ ಅದರಲ್ಲಿ ಗುಣಕ 0.54, ಕೂಡಿಸಬೇಕಾದ ಸಂಖ್ಯೆ 12.83. ಕಳೆದ 30 ದಿನಗಳ ಹೊರಗಿನ ಸರಾಸರಿ 30 ಡಿಗ್ರಿ ಇದ್ದಾಗ ಅಮೆರಿಕದ ಸೂತ್ರದಂತೆ ಹಿತವಾದದ್ದು 27.1 ಡಿಗ್ರಿ, ಭಾರತದ ಸೂತ್ರದಂತೆ 29.0 ಡಿಗ್ರಿ. ಇದಕ್ಕಿಂತ ಎರಡು ಡಿಗ್ರಿಯಷ್ಟು ಆಚೀಚೆ ಇದ್ದರೂ ಹೆಚ್ಚಿನವರು ಒಪ್ಪುತ್ತಾರೆ.

ಈ ಅಂಕಿಗಳನ್ನು ಶಾಲೆಗೆ ಅನ್ವಯಿಸುವಾಗ ಒಂದು ಎಚ್ಚರಿಕೆ ಅಗತ್ಯ. ಇವು ವಯಸ್ಕರ ಉತ್ತರಗಳಿಂದ ಹುಟ್ಟಿದವು. ಮಕ್ಕಳ ದೇಹದಲ್ಲಿ ತೂಕಕ್ಕೆ ಹೋಲಿಸಿದರೆ ಚಯಾಪಚಯ ಕ್ರಿಯೆ ಹೆಚ್ಚು ಚುರುಕು. ಬಿಡುವಿನ ವೇಳೆ ಓಡಾಡಿ ಬಂದು ಕೂರುವವರೂ ಅವರೇ. ಇಂಗ್ಲೆಂಡಿನ ಸೌತಾಂಪ್ಟನ್‌ನ ಪ್ರಾಥಮಿಕ ಶಾಲೆಯೊಂದರಲ್ಲಿ ನಡೆದ, 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಕ್ಕಳು ಬಯಸಿದ ತಾಪಮಾನವು ಹೊಂದಾಣಿಕೆ ಸೂತ್ರದ ಅಂಕಿಗಿಂತ ಸುಮಾರು 2 ಡಿಗ್ರಿ ಕಡಿಮೆ ಇತ್ತು, ಫ್ಯಾಂಗರ್ ಸೂತ್ರಕ್ಕಿಂತ ಸುಮಾರು 4 ಡಿಗ್ರಿ ಕಡಿಮೆ. ಮೇಷ್ಟರಿಗೆ ಹಿತವಾಗಿರುವ ಕೊಠಡಿ ಮಕ್ಕಳಿಗೆ ಸೆಕೆಯಾಗಿರುವ ಸಾಧ್ಯತೆಯನ್ನು ಇದು ಸೂಚಿಸುತ್ತದೆ.

ಏಕಾಗ್ರತೆ ಮತ್ತು ಕಲಿಕೆಯ ಮೇಲಿನ ಪರಿಣಾಮ

ಈ ವಿಷಯದ ವೈಜ್ಞಾನಿಕ ಪರೀಕ್ಷೆಗೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. 1913ರಲ್ಲಿ ನೇಮಕಗೊಂಡ ನ್ಯೂಯಾರ್ಕ್ ರಾಜ್ಯದ ಗಾಳಿಬೆಳಕು ಆಯೋಗಕ್ಕಾಗಿ ಶಿಕ್ಷಣ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ ಮತ್ತು ಸಂಗಡಿಗರು 68 ಡಿಗ್ರಿ ಫ್ಯಾರನ್‌ಹೀಟ್ (20 ಸೆಲ್ಸಿಯಸ್) ಹಾಗೂ 86 ಡಿಗ್ರಿ ಫ್ಯಾರನ್‌ಹೀಟ್ (30 ಸೆಲ್ಸಿಯಸ್) ತಾಪಮಾನಗಳಲ್ಲಿ ಬೌದ್ಧಿಕ ಕೆಲಸವನ್ನು ಹೋಲಿಸಿ ನೋಡಿದರು. ಮನಸ್ಸಿಟ್ಟು ಮಾಡುವಂತೆ ಹುರಿದುಂಬಿಸಿದಾಗ ಬಿಸಿ, ತೇವದ ಕೋಣೆಯಲ್ಲೂ ಬೌದ್ಧಿಕ ಕೆಲಸ ಗಮನಾರ್ಹವಾಗಿ ಕುಗ್ಗಲಿಲ್ಲ; ಕುಗ್ಗಿದ್ದು ದೈಹಿಕ ಕೆಲಸ. 'ಮನಸ್ಸಿದ್ದರೆ ಸೆಕೆ ಅಡ್ಡಿಯಲ್ಲ' ಎಂಬ ನಂಬಿಕೆಗೆ ಈ ಫಲಿತಾಂಶ ಬಲ ಕೊಡುವಂತೆ ತೋರುತ್ತದೆ. ಆದರೆ ಪ್ರಯೋಗಕ್ಕೆಂದು ಬಂದು ಕುಳಿತವರ ಉತ್ಸಾಹ ಬೇರೆ, ಜೂನ್‌ನಿಂದ ಮಾರ್ಚ್‌ವರೆಗೆ ದಿನಕ್ಕೆ ಐದಾರು ಗಂಟೆ ಕೂರಬೇಕಾದ ಮಗುವಿನ ಉತ್ಸಾಹ ಬೇರೆ.

ನಂತರದ ಅಧ್ಯಯನಗಳು ಚಿತ್ರವನ್ನು ಬದಲಿಸಿದವು. ಡೆನ್ಮಾರ್ಕಿನಲ್ಲಿ ಪಾವೆಲ್ ವಾರ್ಗೊಕಿ ಮತ್ತು ಡೇವಿಡ್ ವಯನ್ ನಿಜವಾದ ತರಗತಿಗಳಲ್ಲಿ, ನಿತ್ಯದ ಶಿಕ್ಷಕರ ಮೂಲಕ, ಹತ್ತು-ಹನ್ನೆರಡು ವರ್ಷದ ಮಕ್ಕಳಿಂದ ಲೆಕ್ಕ ಮತ್ತು ಭಾಷೆಯ ಅಭ್ಯಾಸಗಳನ್ನು ಮಾಡಿಸಿದರು. 2007ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ತಾಪಮಾನವನ್ನು 25ರಿಂದ 20ರ ಕಡೆಗೆ ಇಳಿಸಿದಾಗ ಮಕ್ಕಳ ಕೆಲಸದ ವೇಗ ಹೆಚ್ಚಿತು. ತಪ್ಪುಗಳ ಪ್ರಮಾಣದಲ್ಲಿ ಅಷ್ಟಾಗಿ ವ್ಯತ್ಯಾಸವಾಗಲಿಲ್ಲ. ಸೆಕೆಯು ಮೊದಲು ಕುಂದಿಸುವುದು ವೇಗವನ್ನು ಎಂಬ ಈ ಅಂಶ ಶಿಕ್ಷಕರಿಗೆ ಮುಖ್ಯ. ಹೊತ್ತು ಮುಗಿದರೂ ಪೂರ್ತಿ ಬರೆಯದ ಮಗುವನ್ನು ದಡ್ಡನೆಂದೋ ಸೋಮಾರಿಯೆಂದೋ ತೀರ್ಮಾನಿಸುವ ಮೊದಲು ಆತ ಕುಳಿತ ಜಾಗವನ್ನು ನೋಡುವುದು ಒಳ್ಳೆಯದು. 2019ರಲ್ಲಿ ವಾರ್ಗೊಕಿ ಮತ್ತಿತರರು ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ, ತಾಪಮಾನ 30ರಿಂದ 20 ಡಿಗ್ರಿಗೆ ಇಳಿದರೆ ಶಾಲಾ ಕೆಲಸ ಸರಾಸರಿ ಶೇ. 20ರಷ್ಟು ಉತ್ತಮಗೊಳ್ಳುತ್ತದೆಂದು ಅಂದಾಜಿಸಿದರು. ಇದು ಸಮಶೀತೋಷ್ಣ ವಲಯಕ್ಕೆ ಮಾತ್ರ ಸಲ್ಲುವ ಅಂದಾಜೆಂದು ಅವರೇ ಹೇಳಿದ್ದಾರೆ. ಉಷ್ಣ ವಲಯದ ಕೋಸ್ಟರಿಕದಲ್ಲಿ ನಡೆದ, 2018ರಲ್ಲಿ ಪ್ರಕಟವಾದ ಪ್ರಯೋಗವೊಂದು ಇಲ್ಲಿ ಉಲ್ಲೇಖಾರ್ಹ: ಸೆಕೆಗೆ ಹುಟ್ಟಿನಿಂದಲೇ ಒಗ್ಗಿದ ಮಕ್ಕಳ ತರಗತಿಯನ್ನು ಸುಮಾರು 30ರಿಂದ 25 ಡಿಗ್ರಿಗೆ ತಂಪುಗೊಳಿಸಿದಾಗ ಭಾಷೆ ಮತ್ತು ತರ್ಕದ ಅಭ್ಯಾಸಗಳಲ್ಲಿ ಅವರ ಸಾಧನೆಯೂ ಸುಧಾರಿಸಿತು. ಒಗ್ಗಿಕೊಂಡಿದ್ದಾರೆ ಎಂಬುದು ಪೂರ್ತಿ ಸಮಾಧಾನವಲ್ಲವೆಂದು ಇದರಿಂದ ತಿಳಿಯುತ್ತದೆ.

ಪರೀಕ್ಷಾ ದಿನದ ಸೆಕೆಯನ್ನು ಕುರಿತು ಅರ್ಥಶಾಸ್ತ್ರಜ್ಞ ಜಿಸಂಗ್ ಪಾರ್ಕ್ ನ್ಯೂಯಾರ್ಕ್ ನಗರದ ಪ್ರೌಢಶಾಲಾ ಅಂತಿಮ ಪರೀಕ್ಷೆಗಳ ಅಂಕಗಳನ್ನು ಹವಾಮಾನದೊಡನೆ ಹೋಲಿಸಿದರು. ಬಿಸಿ ಹೆಚ್ಚಿದ್ದ ದಿನ ಬರೆದ ಪರೀಕ್ಷೆಯಲ್ಲಿ ಅದೇ ವಿದ್ಯಾರ್ಥಿಗಳ ಅಂಕ ಕಡಿಮೆಯಾಗಿತ್ತು, ತೇರ್ಗಡೆಯ ಸಾಧ್ಯತೆಯೂ ಇಳಿದಿತ್ತು. ಮೌಲ್ಯಮಾಪಕರು ತೇರ್ಗಡೆಯ ಅಂಚಿನಲ್ಲಿದ್ದವರಿಗೆ ಒಂದೆರಡು ಅಂಕ ಸೇರಿಸುತ್ತಿದ್ದುದು, ಬಿಸಿ ದಿನಗಳ ಉತ್ತರಪತ್ರಿಕೆಗಳಿಗೆ ಹೆಚ್ಚು ಸೇರಿಸಿದ್ದುದು ಕೂಡ ಅಂಕಪಟ್ಟಿಗಳಿಂದಲೇ ಹೊರಬಿತ್ತು. ಕರ್ನಾಟಕದಲ್ಲಿ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ಮುಖ್ಯ ಪರೀಕ್ಷೆಗಳು ಸಾಮಾನ್ಯವಾಗಿ ಮಾರ್ಚ್–ಏಪ್ರಿಲ್ ತಿಂಗಳುಗಳಲ್ಲಿ ನಡೆಯುತ್ತವೆ. ಕಲಬುರಗಿಯ ವಿದ್ಯಾರ್ಥಿಯೂ ಮಡಿಕೇರಿಯ ವಿದ್ಯಾರ್ಥಿಯೂ ಒಂದೇ ದಿನ ಒಂದೇ ಪ್ರಶ್ನೆಪತ್ರಿಕೆಗೆ ಉತ್ತರಿಸುತ್ತಾರೆ. ಕೊಠಡಿಗಳ ತಾಪಮಾನ ಮಾತ್ರ ಒಂದೇ ಆಗಿರುವುದಿಲ್ಲ. ಜಿಲ್ಲಾವಾರು ಫಲಿತಾಂಶದ ಹೋಲಿಕೆಯಲ್ಲಿ ಶಿಕ್ಷಕರ ಕೊರತೆ, ಬಡತನ, ಗುಳೆ ಮೊದಲಾದ ದೊಡ್ಡ ಕಾರಣಗಳಿರುವುದು ನಿಜ. ಆದರೂ ಈ ಸಣ್ಣ ಕಾರಣ ಪಟ್ಟಿಯಲ್ಲೇ ಕಾಣುವುದಿಲ್ಲ.

ಒಂದು ದಿನದ ಸೆಕೆಗಿಂತ ವರ್ಷವಿಡೀ ಸಂಗ್ರಹವಾಗುವ ನಷ್ಟ ದೊಡ್ಡದು. ಜೋಶುವಾ ಗುಡ್‌ಮನ್, ಪಾರ್ಕ್ ಮತ್ತು ಇತರರು ಅಮೆರಿಕದ ಸುಮಾರು ಒಂದು ಕೋಟಿ ವಿದ್ಯಾರ್ಥಿಗಳ ಪರೀಕ್ಷಾಂಕಗಳನ್ನು ಅಧ್ಯಯನ ಮಾಡಿ 2020ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಹವಾನಿಯಂತ್ರಣವಿಲ್ಲದ ಶಾಲೆಗಳಲ್ಲಿ ಶಾಲಾ ವರ್ಷವು ಸರಾಸರಿ ಒಂದು ಡಿಗ್ರಿ ಫ್ಯಾರನ್‌ಹೀಟ್ ಹೆಚ್ಚು ಬಿಸಿಯಾಗಿದ್ದರೆ ಆ ವರ್ಷದ ಕಲಿಕೆಯಲ್ಲಿ ಶೇ. 1ರಷ್ಟು ಕಡಿತವಾಗುತ್ತದೆ. ಶಾಲೆ ಇಲ್ಲದ ದಿನಗಳ ಬಿಸಿಗೆ ಅಂತಹ ಪರಿಣಾಮ ಕಾಣಲಿಲ್ಲ, ಆದ್ದರಿಂದ ತೊಂದರೆ ತರಗತಿಯೊಳಗಿನದೇ ಎಂದು ಅವರು ತರ್ಕಿಸಿದರು. ಕಪ್ಪು ವರ್ಣೀಯ, ಹಿಸ್ಪಾನಿಕ್ ಮತ್ತು ಕಡಿಮೆ ಆದಾಯದ ಪ್ರದೇಶಗಳ ವಿದ್ಯಾರ್ಥಿಗಳಿಗೆ ನಷ್ಟ ಹೆಚ್ಚು.

ಭಾರತದಲ್ಲಿ ಕಾರಣದ ಸರಪಳಿ ಸ್ವಲ್ಪ ಬೇರೆ. ತೀವ್ರತ್ ಗರ್ಗ್, ಮೌಲಿಕ್ ಜಗ್ನಾನಿ ಮತ್ತು ವಿಸ್ ತಾರಾಜ್ ಅವರು ಅಸರ್ ಸಮೀಕ್ಷೆ ಮೊದಲಾದ ಮಾಹಿತಿಗಳನ್ನು ಬಳಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಂದಿನ ವರ್ಷದಲ್ಲಿ ದಿನದ ಸರಾಸರಿ 29 ಡಿಗ್ರಿ ಮೀರಿದ ದಿನಗಳು ಹೆಚ್ಚಿದಷ್ಟೂ ಗ್ರಾಮೀಣ ಮಕ್ಕಳ ಗಣಿತ ಮತ್ತು ಓದಿನ ಸಾಮರ್ಥ್ಯ ಇಳಿಯುವುದು ಕಂಡಿತು. ಅವರು ಗುರುತಿಸಿದ ಮುಖ್ಯ ಕಾರಣ ಹೊಲದಲ್ಲಿದೆ. ಬೆಳೆಯ ಕಾಲದಲ್ಲಿ ಬಿಸಿ ಹೆಚ್ಚಾದರೆ ಇಳುವರಿ ಕಡಿಮೆ, ಮನೆಯ ಆದಾಯ ಕಡಿಮೆ, ಮಗುವಿನ ಊಟ ಮತ್ತು ಓದಿಗೆ ಸಿಗುವುದೂ ಕಡಿಮೆ. ಉದ್ಯೋಗ ಖಾತರಿ ಯೋಜನೆ ಜಾರಿಯಾದ ಕಡೆ ಈ ಪರಿಣಾಮ ತಗ್ಗಿತ್ತು. ಆದ್ದರಿಂದ ಭಾರತದ ಹಳ್ಳಿಯ ಮಗುವಿಗೆ ಬಿಸಿಲು ಎರಡು ಬಾಗಿಲುಗಳಿಂದ ಬರುತ್ತದೆ, ಒಂದು ಮನೆಯದು, ಇನ್ನೊಂದು ಶಾಲೆಯದು. ಫ್ಯಾನು ಎರಡನೆಯದಕ್ಕೆ ಮಾತ್ರ ಪರಿಹಾರ.

ರಾತ್ರಿಯ ನಿದ್ರೆಯನ್ನೂ ಮರೆಯುವಂತಿಲ್ಲ. 2016ರ ಬೇಸಗೆಯಲ್ಲಿ ಬಾಸ್ಟನ್ ನಗರದಲ್ಲಿ ಬಿಸಿಗಾಳಿ ಬೀಸಿದಾಗ ಹವಾನಿಯಂತ್ರಣವಿಲ್ಲದ ವಸತಿಗೃಹದಲ್ಲಿ ಮಲಗಿದ್ದ ವಿದ್ಯಾರ್ಥಿಗಳು ಬೆಳಿಗ್ಗೆ ಎದ್ದೊಡನೆ ನಡೆಸಿದ ಗಮನ ಪರೀಕ್ಷೆಯಲ್ಲಿ, ತಂಪಾದ ವಸತಿಗೃಹದವರಿಗಿಂತ ಶೇ. 13ರಷ್ಟು ನಿಧಾನವಾಗಿ ಪ್ರತಿಕ್ರಿಯಿಸಿದರು. ಅವರು ಆರೋಗ್ಯವಂತ ಯುವಕ ಯುವತಿಯರು. ನಮ್ಮಲ್ಲಿ ಮೊದಲನೆಯ ಪೀರಿಯಡ್ಡಿನಲ್ಲೇ ತೂಕಡಿಸುವ ಹುಡುಗನ ಮನೆಯ ಛಾವಣಿ ತಗಡಿನದಾಗಿರಬಹುದು. ಮಧ್ಯಾಹ್ನದ ಊಟದ ನಂತರದ ಮಂಪರಿಗೆ ದೇಹದ ದಿನಚರಿಯೂ ಕಾರಣ. ಎಲ್ಲವನ್ನೂ ಸೆಕೆಯ ತಲೆಗೆ ಕಟ್ಟಲಾಗದು.

ಚಳಿಯ ಪರಿಣಾಮ

ಚಳಿ ಹೆಚ್ಚಾದರೆ ಬೆರಳುಗಳು ಸೆಟೆದುಕೊಂಡು ಬರವಣಿಗೆ ನಿಧಾನವಾಗುತ್ತದೆ, ಮಕ್ಕಳು ಮುದುಡಿ ಕೂರುತ್ತಾರೆ. ಇಂಗ್ಲೆಂಡಿನ 1999ರ ಶಾಲಾ ಕಟ್ಟಡ ನಿಯಮಗಳು ಸಾಮಾನ್ಯ ತರಗತಿಗೆ 18 ಡಿಗ್ರಿಯನ್ನು ನಿಗದಿಪಡಿಸಿದ್ದವು. 2012ರ ನಿಯಮಗಳಲ್ಲಿ ಈ ಅಂಕಿಯನ್ನು ಕೈಬಿಡಲಾಯಿತು. ಕರ್ನಾಟಕದಲ್ಲಿ ಚಳಿ ಕೆಲವು ಜಿಲ್ಲೆಗಳ ಡಿಸೆಂಬರ್–ಜನವರಿ ಬೆಳಗುಗಳ ಸಮಸ್ಯೆ ಮಾತ್ರ. ಪ್ರಾರ್ಥನೆಯನ್ನು ಬಿಸಿಲಿನಲ್ಲಿ ನಡೆಸುವುದರಿಂದ ಅದು ಬಗೆಹರಿಯುತ್ತದೆ. ಲಡಾಖ್‌ನಂತಹ ಪ್ರದೇಶದ ಮಾತು ಬೇರೆ. ಅಲ್ಲಿನ ಲೇಹ್ ಸಮೀಪದ ಸೆಕ್ಮಾಲ್ ಸಂಸ್ಥೆಯ ಕಟ್ಟಡಗಳು ದಕ್ಷಿಣಕ್ಕೆ ಮುಖಮಾಡಿ, ದಪ್ಪ ಮಣ್ಣಿನ ಗೋಡೆಗಳಲ್ಲಿ ಬಿಸಿಲಿನ ಶಾಖವನ್ನು ಹಿಡಿದಿಟ್ಟು, ಹೊರಗೆ ಶೂನ್ಯಕ್ಕಿಂತ ಬಹಳ ಕೆಳಗಿರುವಾಗಲೂ ಒಳಗನ್ನು ಬೆಚ್ಚಗಿಡುತ್ತವೆ.

ಕರ್ನಾಟಕದ ಶಾಲಾ ಕಟ್ಟಡಗಳು

ಕರ್ನಾಟಕವು ಸುಮಾರು ಉತ್ತರ ಅಕ್ಷಾಂಶ 11.5ರಿಂದ 18.5 ಡಿಗ್ರಿಗಳ ನಡುವೆ ಇದೆ. ಏಪ್ರಿಲ್–ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಬೆಂಗಳೂರಿನ ಶೂನ್ಯ ನೆರಳಿನ ದಿನ ಏಪ್ರಿಲ್ 24ರ ಸುಮಾರಿಗೆ ಬರುತ್ತದೆ. ಆಗ ಗೋಡೆಗಳಿಗಿಂತ ಛಾವಣಿಯ ಮೇಲೆ ಬೀಳುವ ಬಿಸಿಲೇ ಹೆಚ್ಚು. ಆದ್ದರಿಂದ ಇಲ್ಲಿನ ತರಗತಿಯ ತಾಪಮಾನವನ್ನು ಬಹುಮಟ್ಟಿಗೆ ನಿರ್ಧರಿಸುವುದು ತಲೆಯ ಮೇಲಿನ ಮಾಡು.

ಕರಾವಳಿ ಮತ್ತು ಮಲೆನಾಡಿನ ಹಳೆಯ ಶಾಲೆಗಳು ಹೆಂಚಿನವು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಇವು ಎಲ್ಲೆಡೆ ಹರಡಿದವು. ಇಳಿಜಾರು ಮಾಡಿನ ಎತ್ತರ, ಹೆಂಚುಗಳ ಸಂದಿಯಿಂದ ಹೊರಹೋಗುವ ಬಿಸಿಗಾಳಿ, ಮುಂದಿನ ಜಗಲಿ ಇವೆಲ್ಲ ಸೆಕೆಯನ್ನು ತಗ್ಗಿಸುತ್ತಿದ್ದವು. ಉತ್ತರ ಕರ್ನಾಟಕದ ದಪ್ಪ ಕಲ್ಲುಗೋಡೆ, ಮಣ್ಣಿನ ಮಾಳಿಗೆಯ ಕಟ್ಟಡಗಳು ಹಗಲಿನ ಬಿಸಿಯನ್ನು ಒಳಕ್ಕೆ ಬಿಡಲು ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದವು. ಇವುಗಳ ಜಾಗಕ್ಕೆ ಬಂದ ಕಾಂಕ್ರೀಟು ತಾರಸಿ ಗಟ್ಟಿಯಾದದ್ದು, ಸೋರದ್ದು, ಹಾವು ಚೇಳುಗಳ ಭಯವಿಲ್ಲದ್ದು. ಹೆಂಚು ಕೈಯಾಡಿಸಲು ವರ್ಷಕ್ಕೊಮ್ಮೆ ಜನ ಹುಡುಕಬೇಕಾದ ಕಷ್ಟವೂ ತಪ್ಪಿತು. ಹಳೆಯದೆಲ್ಲ ಒಳ್ಳೆಯದೆಂದು ಹೇಳುವುದು ಸರಿಯಲ್ಲ. ಆದರೆ ಮೇಲೆ ಹೊದಿಕೆಯಿಲ್ಲದ ತೆಳು ತಾರಸಿ ಬೆಳಗಿನಿಂದ ಬಿಸಿಲನ್ನು ಕುಡಿದು ಕೆಲವು ಗಂಟೆಗಳ ನಂತರ ಒಳಕ್ಕೆ ಸುರಿಸುತ್ತದೆ. ಆ ಹೊತ್ತಿಗೆ ಮಧ್ಯಾಹ್ನದ ತರಗತಿಗಳು ನಡೆಯುತ್ತಿರುತ್ತವೆ. ತಗಡು ಅಥವಾ ಸಿಮೆಂಟ್ ಶೀಟಿನ ಮಾಡು ಇನ್ನೂ ಕೆಟ್ಟದ್ದು. ಬಿಸಿಲು ಬಿದ್ದ ಕೆಲವೇ ನಿಮಿಷಗಳಲ್ಲಿ ಕಾದು ಮಕ್ಕಳ ನೆತ್ತಿಗೆ ನೇರವಾಗಿ ವಿಕಿರಣವನ್ನು ಬೀರುತ್ತದೆ. ಬಹುಮಹಡಿ ಶಾಲೆಗಳಲ್ಲಿ ಮೇಲಿನ ಅಂತಸ್ತಿನ ತರಗತಿಗಳೇ ಹೆಚ್ಚು ಬಿಸಿ.

ತಂಪಾಗಿಸುವ ಉಪಾಯಗಳು

ಛಾವಣಿಯಿಂದಲೇ ಆರಂಭಿಸುವುದು ಅಗ್ಗದ ದಾರಿ. ಹೊಸದಾಗಿ ಬಳಿದ ಬಿಳಿಯ ಲೇಪವು ಬಿಸಿಲಿನ ಮುಕ್ಕಾಲು ಪಾಲನ್ನು ಹಿಂದಕ್ಕೆ ಪ್ರತಿಫಲಿಸಬಲ್ಲದು. ಹಳೆಯ ಕಾಂಕ್ರೀಟು ಇದರ ಅರ್ಧದಷ್ಟನ್ನೂ ಮಾಡದು. 2010ರ ಬಿಸಿಗಾಳಿಯ ನಂತರ 2013ರಲ್ಲಿ ಬಿಸಿಗಾಳಿ ಕ್ರಿಯಾಯೋಜನೆಯನ್ನು ರೂಪಿಸಿದ ಅಹಮದಾಬಾದ್ ನಗರ ಮುಂದೆ ತಂಪು ಛಾವಣಿಯನ್ನೂ ಅದರಲ್ಲಿ ಸೇರಿಸಿತು. ತೆಲಂಗಾಣ ರಾಜ್ಯವು 2023ರಲ್ಲಿ ತಂಪು ಛಾವಣಿ ನೀತಿಯನ್ನೇ ಪ್ರಕಟಿಸಿದೆ. ಸುಣ್ಣದ ಲೇಪ ಮಳೆಗೆ ತೊಳೆದುಹೋಗುವುದರಿಂದ ಪ್ರತಿವರ್ಷ ಜನವರಿ–ಫೆಬ್ರವರಿಯಲ್ಲಿ ಮತ್ತೆ ಬಳಿಯಬೇಕು. ಧೂಳು ಕೂತರೂ ಪ್ರಯೋಜನ ಕುಗ್ಗುತ್ತದೆ.

ಪಶ್ಚಿಮ ಆಫ್ರಿಕದ ಬುರ್ಕಿನಾ ಫಾಸೊ ದೇಶದ ಗಾಂಡೊ ಗ್ರಾಮದ ಪ್ರಾಥಮಿಕ ಶಾಲೆ ಎರಡು ಛಾವಣಿಯ ಪ್ರಸಿದ್ಧ ಉದಾಹರಣೆ. ಅದೇ ಊರಿನ ವಾಸ್ತುಶಿಲ್ಪಿ ಫ್ರಾನ್ಸಿಸ್ ಕೆರೆ ವಿನ್ಯಾಸಗೊಳಿಸಿದ, 2001ರಲ್ಲಿ ಪೂರ್ಣಗೊಂಡ ಈ ಕಟ್ಟಡದಲ್ಲಿ ಮಣ್ಣಿನ ಇಟ್ಟಿಗೆಯ ಒಳಮಾಡಿದ್ದು, ಅದರ ಮೇಲೆ ಅಂತರ ಬಿಟ್ಟು ಅಗಲವಾದ ತಗಡಿನ ಮಾಡನ್ನು ಎತ್ತಿ ನಿಲ್ಲಿಸಲಾಗಿದೆ. ತಗಡು ಬಿಸಿಲನ್ನು ತಡೆಯುತ್ತದೆ, ನಡುವಿನ ಗಾಳಿ ಶಾಖವನ್ನು ಹೊತ್ತೊಯ್ಯುತ್ತದೆ. 2004ರಲ್ಲಿ ಇದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು; ಕೆರೆ ಅವರಿಗೆ 2022ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ದೊರೆಯಿತು. ನಮ್ಮ ತಗಡಿನ ಶಾಲೆಗಳಿಗೆ ಇದರಿಂದ ಕಲಿಯಬಹುದಾದ್ದು ಇಷ್ಟು: ತಗಡಿನ ಕೆಳಗೆ ಬಿದಿರಿನ ತಟ್ಟಿಯ ಒಳಮಾಡನ್ನಾದರೂ ಕಟ್ಟಿ ನಡುವೆ ಗಾಳಿಯಾಡಲು ಬಿಡುವುದು.

ಕಿಟಕಿಗಳು ಎದುರುಬದುರಾಗಿರಬೇಕು, ಮೇಲೆ ಗವಾಕ್ಷಿಗಳಿರಬೇಕು. ಪಶ್ಚಿಮದ ಗೋಡೆಗೆ ಸಂಜೆಯ ಇಳಿಬಿಸಿಲು ನೇರವಾಗಿ ಬೀಳುವುದರಿಂದ ಉದ್ದನೆಯ ಗೋಡೆಗಳು ಉತ್ತರ–ದಕ್ಷಿಣಕ್ಕೆ ಮುಖಮಾಡಿದ್ದರೆ ಒಳ್ಳೆಯದು. ಈಗಾಗಲೇ ಕಟ್ಟಿದ್ದಕ್ಕೆ ಪಶ್ಚಿಮದಲ್ಲಿ ಹೊಂಗೆ, ಬೇವಿನ ಸಾಲು ನೆಡಬಹುದು. ಫ್ಯಾನು ಗಾಳಿಯನ್ನು ತಂಪಾಗಿಸುವುದಿಲ್ಲ. ಚರ್ಮದ ಬೆವರನ್ನು ಆರಿಸಿ ಎರಡು ಮೂರು ಡಿಗ್ರಿ ಕಡಿಮೆಯಾದಂತಹ ಅನುಭವ ಕೊಡುತ್ತದೆ. ಸಾಮಾನ್ಯ ಛಾವಣಿ ಫ್ಯಾನು ಸುಮಾರು 75 ವ್ಯಾಟ್ ವಿದ್ಯುತ್ತನ್ನು ಬಳಸಿದರೆ ಹೊಸ ಬಗೆಯ ಬಿ.ಎಲ್.ಡಿ.ಸಿ. ಫ್ಯಾನು ಅದರ ಅರ್ಧಕ್ಕೂ ಕಡಿಮೆ ಬಳಸುತ್ತದೆ. ಶಾಲೆಗೆ ಬರುವ ವಿದ್ಯುತ್ ಬಿಲ್ಲನ್ನು ಎಣಿಸುವ ಮುಖ್ಯೋಪಾಧ್ಯಾಯರಿಗೆ ಇದು ಚಿಕ್ಕ ವಿಷಯವಲ್ಲ.

ಹವಾನಿಯಂತ್ರಕವು ತಾಪಮಾನವನ್ನು ಖಚಿತವಾಗಿ ಇಳಿಸುತ್ತದೆ, ಆದರೆ ಕಿಟಕಿ ಮುಚ್ಚಿದ ಕೊಠಡಿಯಲ್ಲಿ ಹೊರಗಾಳಿ ಬಾರದೆ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಹೊರಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ 420 ಭಾಗಗಳ ಆಸುಪಾಸು ಇದ್ದರೆ ಮಕ್ಕಳು ತುಂಬಿದ ಮುಚ್ಚಿದ ತರಗತಿಯಲ್ಲಿ ಸಾವಿರ, ಎರಡು ಸಾವಿರವನ್ನು ಮೀರುವುದುಂಟು. ಸೆಕೆ ಹೋಗಿ ಮಂಪರು ಬಂದರೆ ಲಾಭವಿಲ್ಲ. ಮಕ್ಕಳನ್ನು 18 ಡಿಗ್ರಿಯಲ್ಲಿ ಸ್ವೆಟರ್ ತೊಡಿಸಿ ಕೂರಿಸುವ ಕೆಲವು ನಗರದ ಶಾಲೆಗಳ ಪದ್ಧತಿಗೂ ಆಧಾರವಿಲ್ಲ; 2020ರ ಜನವರಿಯಿಂದ ಭಾರತದಲ್ಲಿ ಮಾರಾಟವಾಗುವ ಕೊಠಡಿ ಹವಾನಿಯಂತ್ರಕಗಳಿಗೆ ಪೂರ್ವನಿಗದಿ ತಾಪಮಾನ 24 ಡಿಗ್ರಿ.

ನಿಯಮಗಳು ಮತ್ತು ಆಡಳಿತ ಕ್ರಮಗಳು

ಜಪಾನಿನ ಶಾಲಾ ನೈರ್ಮಲ್ಯ ಮಾನಕವು ಬಹುಕಾಲ 10ರಿಂದ 30 ಡಿಗ್ರಿಯವರೆಗೆ ಅಪೇಕ್ಷಣೀಯವೆಂದು ಹೇಳುತ್ತಿತ್ತು. 2018ರಲ್ಲಿ ಅದನ್ನು 17–28 ಎಂದೂ 2022ರಲ್ಲಿ 18–28 ಎಂದೂ ತಿದ್ದಲಾಯಿತು. 2018ರ ಬೇಸಗೆಯಲ್ಲಿ ಟೊಯೊಟಾ ನಗರದ ಒಂದನೆಯ ತರಗತಿಯ ಬಾಲಕನೊಬ್ಬ ಶಾಲೆಯ ಹೊರಸಂಚಾರದಿಂದ ಮರಳಿದ ಮೇಲೆ ಉಷ್ಣಾಘಾತದಿಂದ ಸತ್ತನು. ಆನಂತರ ಸರ್ಕಾರವು ವಿಶೇಷ ಅನುದಾನ ಕೊಟ್ಟು, 2020ರ ವೇಳೆಗೆ ಸಾರ್ವಜನಿಕ ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳ ಶೇ. 90ಕ್ಕೂ ಹೆಚ್ಚು ಸಾಮಾನ್ಯ ತರಗತಿಗಳಿಗೆ ಹವಾನಿಯಂತ್ರಣ ಬಂದಿತು.

ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಸರ್ವಋತು ಕಟ್ಟಡ, ಶಿಕ್ಷಕರಿಗೊಂದು ಕೊಠಡಿ, ಕುಡಿಯುವ ನೀರು, ಪ್ರತ್ಯೇಕ ಶೌಚಾಲಯ, ಆಟದ ಮೈದಾನ, ಆವರಣ ಗೋಡೆಗಳನ್ನು ಹೇಳುತ್ತದೆ. ತಾಪಮಾನದ ಮಿತಿಯನ್ನಾಗಲಿ ಫ್ಯಾನನ್ನಾಗಲಿ ಅದು ಹೆಸರಿಸುವುದಿಲ್ಲ. ಸರ್ವಋತು ಎಂಬ ಪದದಲ್ಲಿ ಬೇಸಗೆಯೂ ಸೇರಿದೆಯೆಂದು ವಾದಿಸಬಹುದಾದರೂ ರೂಢಿಯಲ್ಲಿ ಅದರ ಅರ್ಥ ಮಳೆಗೆ ಸೋರದ ಕಟ್ಟಡ ಎಂದಷ್ಟೇ ಆಗಿದೆ.

ಇಲ್ಲಿ ಸೆಕೆಗೆ ಆಡಳಿತದ ಉತ್ತರ ಹೆಚ್ಚಾಗಿ ವೇಳಾಪಟ್ಟಿಯ ಮೂಲಕ ಬರುತ್ತದೆ. ಕರ್ನಾಟಕದಲ್ಲಿ ಬೇಸಗೆ ರಜೆ ಸಾಮಾನ್ಯವಾಗಿ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ. ತೆಲಂಗಾಣ, ಆಂಧ್ರಪ್ರದೇಶಗಳಲ್ಲಿ ಮಾರ್ಚ್ ಮಧ್ಯದಿಂದಲೇ ಒಪ್ಪೊತ್ತಿನ ಶಾಲೆ ನಡೆಸುವ ವಾಡಿಕೆಯಿದೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿಯೂ ಏಪ್ರಿಲ್–ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಪದ್ಧತಿ ಇದೆ. ಮಕ್ಕಳು ನೀರು ಕುಡಿಯುವಂತೆ ನೆನಪಿಸಲು ಗಂಟೆ ಬಾರಿಸುವ ಕ್ರಮವನ್ನು 2019ರಲ್ಲಿ ಕೇರಳದ ಶಾಲೆಗಳು ಆರಂಭಿಸಿದವು, ಅದೇ ವರ್ಷ ಕರ್ನಾಟಕವೂ ಅದನ್ನು ಅನುಸರಿಸಲು ಮುಂದಾಯಿತು. ಗಂಟೆಯೊಡನೆ ನೀರು ತುಂಬಿದ ತೊಟ್ಟಿ ಮತ್ತು ಬಳಸಬಹುದಾದ ಶೌಚಾಲಯ ಇದ್ದಲ್ಲಿ ಇದು ಒಳ್ಳೆಯ ಕ್ರಮ.

ರಜೆ ಕೊಡುವುದು ಸುಲಭ, ಆದರೆ ರಜೆಗೂ ಬೆಲೆಯಿದೆ. 2024ರ ಏಪ್ರಿಲ್‌ನಲ್ಲಿ ಬಾಂಗ್ಲಾದೇಶ ಮತ್ತು ಫಿಲಿಪೈನ್ಸ್ ದೇಶಗಳು ಬಿಸಿಗಾಳಿಯ ಕಾರಣ ಶಾಲೆಗಳನ್ನು ಮುಚ್ಚಿದವು. ಆ ವರ್ಷ 85 ದೇಶಗಳ ಕನಿಷ್ಠ 24.2 ಕೋಟಿ ವಿದ್ಯಾರ್ಥಿಗಳ ಶಾಲೆಗೆ ಹವಾಮಾನ ವೈಪರೀತ್ಯದಿಂದ ಅಡಚಣೆಯಾಯಿತೆಂದು ಯುನಿಸೆಫ್ 2025ರ ಜನವರಿಯಲ್ಲಿ ಪ್ರಕಟಿಸಿತು. ಅದರಲ್ಲಿ ಅತಿ ದೊಡ್ಡ ಪಾಲು ಬಿಸಿಗಾಳಿಯದು. ಶಾಲೆ ಮುಚ್ಚಿದ ದಿನ ಸರ್ಕಾರಿ ಶಾಲೆಯ ಮಗುವಿಗೆ ಪಾಠದೊಡನೆ ಮಧ್ಯಾಹ್ನದ ಬಿಸಿಯೂಟವೂ ತಪ್ಪುತ್ತದೆ, ಮತ್ತು ಆ ಮಗು ಹಗಲು ಕಳೆಯುವ ಮನೆ ಶಾಲೆಗಿಂತ ತಂಪಾಗಿರುವುದೆಂಬ ಖಾತರಿಯಿಲ್ಲ.